ಹೊಸಿಲು ದಾಟಬಾರದ ಹಣ್ಣು

ಮೊನ್ನೆ ನ್ಯಾಮತಿಗೆ ಹೋಗುವಾಗ ಬಸ್ಸು ಹೊನ್ನಾಳಿಯಲ್ಲಿ ಕಾಲು ಗಂಟೆ ನಿಂತಿತು. ಕಿಟಕಿಯ ಕೆಳಗೇ ಹಣ್ಣಿನವನೊಬ್ಬ ಸೇಬಿನ ಪೆಟ್ಟಿಗೆಯ ಬಾಯಿ ಬಿಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕೈ ತಾನಾಗಿಯೇ ಸೆರಗು ಎಳೆದುಕೊಂಡಿತು, ಏನನ್ನೋ ಮುಚ್ಚಿಡುವವಳ ಹಾಗೆ. ಪಕ್ಕದಲ್ಲಿದ್ದ ಮೊಮ್ಮಗಳು "ಯಾಕಜ್ಜಿ, ಚಳಿ ಆಯ್ತಾ?" ಅಂದಳು. ಚಳಿಯಲ್ಲ ಕಣೇ, ಹೆದರಿಕೆ ಅಂದೆ. ಅವಳು ನಕ್ಕಳು. ಸೇಬಿಗೆ ಹೆದರುವವರನ್ನು ಅವಳು ಎಲ್ಲಿ ನೋಡಿರಬೇಕು? ಅವಳ ಡಬ್ಬಿಯಲ್ಲಿ ದಿನಾ ಹೆಚ್ಚಿದ ಸೇಬು ಇರುತ್ತದೆ, ಅರ್ಧ ತಿಂದು ಅರ್ಧ ವಾಪಸ್ ತರುತ್ತಾಳೆ.

ನಾನು ಮದುವೆಯಾಗಿ ಚನ್ನಗಿರಿಗೆ ಬಂದ ವರ್ಷದ ಮಾತು ಇದು. ಎಪ್ಪತ್ತೇಳೋ ಎಪ್ಪತ್ತೆಂಟೋ ಇರಬೇಕು. ಆಗ ನಮ್ಮ ಕಡೆ ಸೇಬು ತಿನ್ನುವ ಹಣ್ಣಲ್ಲ, ನೋಡಲು ಹೋಗುವ ಹಣ್ಣು. ದಾವಣಗೆರೆಯ ದೊಡ್ಡ ಆಸ್ಪತ್ರೆಯಲ್ಲಿ ಯಾರಾದರೂ ಮಲಗಿದ್ದರೆ ನೆಂಟರು ಎರಡು ಸೇಬು ಹಿಡಿದು ಹೋಗುವರು. ಬಸ್ಸಿನಲ್ಲಿ ಯಾರ ಕೈಯಲ್ಲಾದರೂ ಸೇಬು ಕಂಡರೆ ಸಾಕು, ಪಕ್ಕದವರು ದನಿ ಇಳಿಸಿ "ಯಾರಿಗೆ, ಹೆಂಗದಾರೆ?" ಎಂದು ಕೇಳುವರು.

ನಮ್ಮ ಮನೆಯಲ್ಲಂತೂ ಅದರ ಹೆಸರೂ ಎತ್ತುವಂತಿರಲಿಲ್ಲ. ನಮ್ಮ ಮಾವನವರು ನಾನು ಬರುವುದಕ್ಕೆ ಆರು ವರ್ಷ ಮುಂಚೆ ದಾವಣಗೆರೆಯಲ್ಲೇ ತೀರಿಕೊಂಡಿದ್ದರು. ಕೊನೆಗೆ ಅವರ ಬಾಯಿಗೆ ಹೋದದ್ದು ಒಂದು ಹೋಳು ಸೇಬು. ತಿನ್ನಿಸಿದವರು ನಮ್ಮ ಅತ್ತೆಯೇ. ಮನೆಗೆ ಬಂದವರೇ, "ಆ ಹಣ್ಣು ಇನ್ನು ಈ ಮನೆ ಹೊಸಿಲು ದಾಟಬಾರದು" ಎಂದರಂತೆ. ದಾಟಿರಲಿಲ್ಲ.

ಅತ್ತೆ ಪಾರ್ವತಮ್ಮ ಗಟ್ಟಿ ಹೆಂಗಸು. ಅಂಗಡಿಬೀದಿಯಲ್ಲಿ ನಮ್ಮದೊಂದು ಕಿರಾಣಿ ಅಂಗಡಿ, ಮಾವನವರು ಹೋದ ಮೇಲೆ ಅದನ್ನು ನಿಲ್ಲಿಸಿದವರು ಅವರು. ಮಗ, ಅಂದರೆ ನಮ್ಮ ಮನೆಯವರು, ಅವ್ವ ಕೆಮ್ಮಿದರೂ ಎದ್ದು ನಿಲ್ಲುವ ಪೈಕಿ. ನಾನು ಜಗಳೂರಿನ ಬಯಲು ಸೀಮೆಯಿಂದ ಬಂದವಳು, ಬಾಯಿ ಸ್ವಲ್ಪ ಜೋರು, ಒಳಗೆ ಮಾತ್ರ ಪುಕ್ಕಲು. ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಸಲ ಎದ್ದು ನೋಡುವ ಸ್ವಭಾವ, ಈಗಲೂ ಬಿಟ್ಟಿಲ್ಲ.

ಆ ವರ್ಷ ಚಿತ್ತೆ ಮಳೆ ಹಿಡಿದದ್ದು ಬಿಡಲೇ ಇಲ್ಲ. ಮಹಾನವಮಿ ಮುಗಿದು ಬನ್ನಿ ಕೊಟ್ಟು ಬಂದ ಮಾರನೇ ದಿನವೇ ಅತ್ತೆಗೆ ಜ್ವರ ಬಂತು. ಮಳೆಯಲ್ಲಿ ನೆಂದದ್ದಕ್ಕೆ ಅಂದುಕೊಂಡೆವು. ವಾರವಾದರೂ ಇಳಿಯಲಿಲ್ಲ. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಮನೆಗೇ ಬಂದು ನೋಡಿ ಟೈಫಾಯ್ಡ್ ಅಂದರು. ಮಾತ್ರೆ ಬರೆದರು. "ಮಾತ್ರೆ ಕೆಲಸ ಮಾಡ್ತೈತೆ, ಆದ್ರೆ ಹೊಟ್ಟೆಗೆ ಏನಾದ್ರೂ ಹೋಗ್ಬೇಕಲ್ರೀ. ಎರಡು ಗಂಟೆಗೊಂದು ಸಲ ಏನಾದ್ರೂ ತೆಳ್ಳಗಿರೋದು ಕುಡಿಸ್ರಿ," ಎಂದು ಹೇಳಿಹೋದರು.

ಹೇಳಿದಷ್ಟು ಸಲೀಸಾಗಿತ್ತೆ? ಗಂಜಿ ಕೊಟ್ಟರೆ ವಾಸನೆಗೇ ವಾಂತಿ. ಹಾಲು ಒಳಗೆ ನಿಲ್ಲುತ್ತಿರಲಿಲ್ಲ. ಎಳನೀರು ಶೀತ ಅಂದರು. ಬಾಯೆಲ್ಲ ಹುಣ್ಣಾಗಿ ಮೋಸಂಬಿ ಉರಿಯಿತು. ಇದೆಲ್ಲದರ ಮೇಲೆ ಇನ್ನೊಂದಿತ್ತು. ಅತ್ತೆ ಕೊರಳಲ್ಲಿದ್ದ ಲಿಂಗಕ್ಕೆ ತೋರಿಸದೆ ಒಂದು ಗುಟುಕು ನೀರನ್ನೂ ಬಾಯಿಗೆ ಹಾಕುವವರಲ್ಲ. ಸ್ನಾನ ಮಾಡಬಾರದು ಅಂತ ಡಾಕ್ಟರು, ಅದಕ್ಕೇ ಮೈಗೆ ವಿಭೂತಿ ಹಚ್ಚಿಕೊಂಡು, ಮಲಗಿದ ಕಡೆಯೇ ಲಿಂಗವಿದ್ದ ಕರಡಿಗೆ ತೆಗೆದು, ಎಡಗೈಯಲ್ಲಿ ಲಿಂಗ ಇಟ್ಟುಕೊಂಡು, ಲೋಟವನ್ನು ಅದರ ಮುಂದೆ ಹಿಡಿದು ಆಮೇಲೆ ಕುಡಿಯುವರು. ಅಷ್ಟು ಮಾಡುವಷ್ಟರಲ್ಲಿ ಅರ್ಧ ಶಕ್ತಿ ಹೋಗುತ್ತಿತ್ತು. ಕುಡಿದದ್ದು ವಾಂತಿಯಾದರೆ ಇನ್ನರ್ಧವೂ ಹೋಗುತ್ತಿತ್ತು.

ಒಂದು ಗುರುವಾರ ಡಾಕ್ಟರು ಮತ್ತೆ ಬಂದರು. ಅತ್ತೆಯ ಚರ್ಮ ಚಿವುಟಿ ನೋಡಿದರು, ಚಿವುಟಿದ್ದು ಹಾಗೇ ನಿಂತಿತು. ಹೊರಗೆ ಕಟ್ಟೆಯ ಮೇಲೆ ನಮ್ಮಿಬ್ಬರನ್ನೂ ಕರೆದು, "ಇನ್ನು ಮೂರು ದಿನ ನೋಡ್ತೀನಿ. ಬಾಯಿಂದ ಹೋಗ್ಲಿಲ್ಲ ಅಂದ್ರೆ ದಾವಣಗೆರೆಗೆ ಕರ್ಕೊಂಡು ಹೋಗಿ ಡ್ರಿಪ್ ಹಾಕಿಸ್ಬೇಕು. ತಡ ಮಾಡಿದ್ರೆ ನನ್ನ ಕೈಯಾಗೂ ಇರಲ್ಲ," ಅಂದರು. ಒಳಗಿನಿಂದ ಅತ್ತೆಯ ದನಿ ಬಂತು, ಬಾವಿಯ ಒಳಗಿನಿಂದ ಬಂದಹಾಗೆ: "ದಾವಣಗೆರೆಗೆ ಮಾತ್ರ ಹೋಗಾಕಿಲ್ಲ. ನನ್ನ ಇಲ್ಲೇ ಬಿಡ್ರಿ."

ನಮ್ಮ ಮನೆಯವರು ಕಟ್ಟೆಯ ಮೇಲೆ ಕೂತುಬಿಟ್ಟರು. ನನಗೆ ಹೆದರಿಕೆ ಹತ್ತಿತು. ಯಾಕೆ ಅನ್ನುವುದನ್ನು ಈಗ ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ವಯಸ್ಸಾಯಿತು, ಯಾರೇನು ಅನ್ನುತ್ತಾರೆ. ಅತ್ತೆ ಹೋಗಿಬಿಟ್ಟರೆ ಗತಿಯೇನು ಅನ್ನುವುದಕ್ಕಿಂತ, ಅತ್ತೆ ಹೋಗಿಬಿಟ್ಟರೆ ನನ್ನ ಗತಿಯೇನು ಎಂದು ಹೆದರಿದೆ. ವೈಶಾಖದಲ್ಲಿ ಸೊಸೆ ಬಂದಳು, ದೀಪಾವಳಿಯೊಳಗೆ ಅತ್ತೆಯನ್ನು ಕಳಿಸಿದಳು, ಎಂಥಾ ಕಾಲ್ಗುಣ ಅಂತ ಇಡೀ ಅಂಗಡಿಬೀದಿ ಆಡಿಕೊಳ್ಳುತ್ತದೆ. ಜಗಳೂರಿನಲ್ಲಿ ನಮ್ಮಪ್ಪ ತಲೆ ಎತ್ತುವ ಹಾಗಿರುವುದಿಲ್ಲ. ಮೊದಲು ಬಂದ ಯೋಚನೆ ಅದೇ.

ಡಾಕ್ಟರು ಸೈಕಲ್ ಹತ್ತುವಾಗ ಹಿಂದೆಯೇ ಓಡಿದೆ. "ಏನು ಕೊಟ್ರೆ ನಿಲ್ತೈತೆ, ಅದನ್ನಾದ್ರೂ ಹೇಳ್ರಿ ಸಾರ್." ಅವರು ಒಂದು ಕಾಲು ನೆಲಕ್ಕೆ ಕೊಟ್ಟು ಯೋಚಿಸಿದರು. "ಸೇಬಿನ ಹಣ್ಣು ಬೇಯಿಸಿ, ಸೋಸಿ, ಬಿಸಿಬಿಸಿ ಕೊಟ್ಟು ನೋಡಮ್ಮ. ಹುಳಿ ಇಲ್ಲ, ಜಿಡ್ಡಿಲ್ಲ, ಹೊಟ್ಟೆ ತಡೀತೈತೆ." ಮೂವತ್ತೆಂಟು ಹಣ್ಣಿದ್ದರೂ ಇವರಿಗೆ ಇದೇ ಹೆಸರು ಬಾಯಿಗೆ ಬರಬೇಕೇ!

ಬಸ್ ಸ್ಟ್ಯಾಂಡಿನ ಪಕ್ಕ ಖಾಸಿಂ ಸಾಬರ ತಳ್ಳುಗಾಡಿ ಇತ್ತು. ಬಾಳೆಹಣ್ಣು, ಸೀಬೆಹಣ್ಣು ಮಾರುವರು, ವಾರಕ್ಕೊಮ್ಮೆ ದಾವಣಗೆರೆ ಮಂಡಿಯಿಂದ ನಾಲ್ಕಾರು ಸೇಬೂ ತರುವರು. ನಾನು ಗಾಡಿಯ ಮುಂದೆ ನಿಂತು, ಬಾಳೆಹಣ್ಣು ಮುಟ್ಟಿ, ಸೀಬೆಹಣ್ಣು ಮುಟ್ಟಿ, ಆ ಕಡೆ ಈ ಕಡೆ ನೋಡಿದೆ. ಅವರೇ ಅಂದರು, "ಅಮ್ಮಾರೆ, ಪಾರ್ವತಮ್ಮಾರಿಗೆ ಹೆಂಗೈತೆ?" ಅಷ್ಟು ಕೇಳಿದ್ದಕ್ಕೇ ನನಗೆ ಅಳು ಬಂತು. ಎಲ್ಲ ಹೇಳಿಬಿಟ್ಟೆ, ಮಾವನವರ ಕಥೆಯನ್ನೂ ಸೇರಿಸಿ.

ಸಾಬರು ಕೇಳಿಸಿಕೊಂಡು, ಗಾಡಿಯ ಅಡಿಯಿಂದ ಪೆಟ್ಟು ಬಿದ್ದ ಸೇಬು ನಾಲ್ಕು ತೆಗೆದರು. "ಇವು ಮಾರಾಕೆ ಬರಲ್ಲ, ಕುದಿಸಾಕೆ ಇವೇ ಚಲೋ. ಮಂಡಿಗೆ ಲಾರಿ ತರೋ ಡ್ರೈವರ್ ಒಬ್ಬ ಹೇಳಿದ್ದ, ಅವನ ಸೀಮ್ಯಾಗೆ ಚಳಿ ಶುರುವಾದ್ರೆ ಪೆಟ್ಟು ಬಿದ್ದಿದ್ದನ್ನ ಚಕ್ಕೆ ಹಾಕಿ ಕುದಿಸ್ತಾರಂತೆ. ಚಾ ಇದ್ದಂಗೆ ಊದ್ಕೊಂಡು ಕುಡೀತಾರಂತೆ. ಸಿಪ್ಪೆ ತೆಗೀಬ್ಯಾಡ್ರಿ, ಘಮ ಇರೋದೇ ಅದರಾಗೆ. ಬೀಜ ಮಾತ್ರ ತೆಗೀರಿ." ಹಣ್ಣನ್ನು ಪೇಪರಿನಲ್ಲಿ ಸುತ್ತಿ, ಚೀಲದ ತಳಕ್ಕೆ ಹಾಕಿ, ಮೇಲೆ ಒಂದು ಚಿಪ್ಪು ಬಾಳೆಹಣ್ಣು ಇಟ್ಟರು. "ಯಾರ ಕಣ್ಣಿಗೂ ಬೀಳಲ್ಲ, ಹೋಗ್ರಿ," ಅಂದರು.

ಹಿತ್ತಲ ಬಾಗಿಲಿನಿಂದ ಒಳಗೆ ಬಂದೆ. ಮುಂಬಾಗಿಲ ಹೊಸಿಲು ದಾಟಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಹುಚ್ಚಿ!

ಮಾರನೇ ದಿನ ಬೆಳಿಗ್ಗೆ ಮೊದಲ ಸಲ ಮಾಡಿದೆ. ಒಂದು ಹಣ್ಣು ತೊಳೆದು, ಕಪ್ಪಾದ ಭಾಗ ಕೆತ್ತಿ, ಬೀಜ ತೆಗೆದು, ಸಿಪ್ಪೆ ಸಮೇತ ಸಣ್ಣಗೆ ಹೆಚ್ಚಿದೆ. ಹಿತ್ತಾಳೆಯಲ್ಲಿ ಕಿಲುಬು ಬಂದೀತೆಂದು ಸ್ಟೀಲಿನ ಪಾತ್ರೆಗೇ ಹಾಕಿ ಮೂರು ಲೋಟ ನೀರು ಹೊಯ್ದೆ. ಬೆರಳುದ್ದ ಚಕ್ಕೆ, ಒಂದೇ ಒಂದು ಲವಂಗ, ಚಿಟಿಕೆ ಒಣಶುಂಠಿ. ಉರಿ ಸಣ್ಣಗೆ ಮಾಡಿ, ಮೂರು ಲೋಟ ಎರಡು ಲೋಟ ಆಗುವವರೆಗೆ ಅಲ್ಲಾಡದೆ ಕೂತೆ. ಹೋಳು ಮೆತ್ತಗಾದ ಮೇಲೆ ಸೌಟಿನ ಹಿಂಬದಿಯಿಂದ ಹಿಸುಕಿ, ಗೋಲಿ ಗಾತ್ರದ ಬೆಲ್ಲ ಹಾಕಿ, ಹಳೇ ಪಂಚೆಯ ತುಂಡಿನಲ್ಲಿ ಸೋಸಿದೆ. ತಿಳಿ ಕೆಂಪಿನ ನೀರು ಇಳಿಯಿತು. ಅಡುಗೆಮನೆಯೆಲ್ಲ ಘಮ್ ಎಂದಿತು. ಅತ್ತೆಯ ಮೂಗಿಗೆ ಬಡಿದರೆ ಮುಗಿಯಿತು. ಕಿಟಕಿ ತೆಗೆದು, ಒಲೆಗೆ ಒಂದು ಹಿಡಿ ಲೋಬಾನ ಹಾಕಿದೆ.

ಸೋಸಿ ಉಳಿದ ಚರಟ, ಬೀಜ ಎಲ್ಲಿ ಹಾಕುವುದು? ತಿಪ್ಪೆಗೆ ಎಸೆದರೆ ಪಕ್ಕದ ಮನೆಯವರು ನೋಡುತ್ತಾರೆ. ಒಲೆಗೆ ಹಾಕಿದರೆ ವಾಸನೆ. ಬೀಜವನ್ನು ಮಣ್ಣಿನಲ್ಲಿ ಒತ್ತಿದೆ, ಚರಟವನ್ನು ಹಿತ್ತಲಲ್ಲಿದ್ದ ಆಕಳಿಗೆ ಕೊಟ್ಟೆ. ಅದು ನನ್ನ ಕೈಯನ್ನೂ ನೆಕ್ಕಿತು.

ಲೋಟ ಹಿಡಿದು ಅತ್ತೆಯ ಹತ್ತಿರ ಕೂತೆ. "ಏನಿದು?" ಅಂದರು.

"ಶುಂಠಿ ಕಷಾಯ ಅತ್ತೆ. ನಮ್ಮ ಜಗಳೂರ ಕಡೆ ಜ್ವರಕ್ಕೆ ಮಾಡ್ತಾರೆ."

"ನಿಮ್ಮ ಜಗಳೂರಾಗೆ ಕುಡಿಯಾಕೆ ನೀರೇ ಇಲ್ಲ, ಕಷಾಯ ಬೇರೆ ಮಾಡ್ತಾರೇನು?" ಅಷ್ಟು ಜ್ವರದಲ್ಲೂ ಆ ಮಾತು ಬಿಡಲಿಲ್ಲ ಪುಣ್ಯಾತ್ಗಿತ್ತಿ.

ಆಮೇಲೆ ಕರಡಿಗೆ ತೆಗೆದರು. ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡು ಲೋಟವನ್ನು ಅದರ ಮುಂದೆ ಹಿಡಿದರು, ಕಣ್ಣು ಮುಚ್ಚಿದರು. ನಾನು ನೆಲ ನೋಡುತ್ತ ಕೂತೆ. ಅತ್ತೆಗೆ ಸುಳ್ಳು ಹೇಳುವುದು ಒಂದು, ಇದು ಯಾರಿಗೆ ಹೇಳಿದ ಸುಳ್ಳಾಯಿತು? ಕೈಯಿಂದ ಲೋಟ ಕಿತ್ತುಕೊಂಡುಬಿಡಲೇ ಅನ್ನಿಸಿತು. ಅಷ್ಟರಲ್ಲಿ ಅವರು ಒಂದು ಗುಟುಕು ಕುಡಿದರು. ಇನ್ನೊಂದು. ಅರ್ಧ ಲೋಟ ಕುಡಿದು ದಿಂಬಿಗೆ ತಲೆ ಕೊಟ್ಟರು. ನಾನು ತಟ್ಟೆ ಹಿಡಿದು ವಾಂತಿಗೆ ಕಾದೆ. ಗೋಡೆ ಗಡಿಯಾರದ ಮುಳ್ಳು ನೋಡುತ್ತ ಕಾದೆ. ಅರ್ಧ ಗಂಟೆಯಾಯಿತು, ಒಂದು ಗಂಟೆಯಾಯಿತು, ವಾಂತಿಯಾಗಲಿಲ್ಲ. ನಿದ್ದೆ ಹತ್ತಿತ್ತು.

ಆವತ್ತಿನಿಂದ ದಿನಕ್ಕೆ ಐದು ಸಲ ಇದೇ. ಬೆಳಿಗ್ಗೆ ಒಂದು ಹಣ್ಣು ಕುದಿಸಿಟ್ಟು ಐದು ಸಲ ಬಿಸಿ ಮಾಡುವುದು, ಐದು ಸಲ ಕಿಟಕಿ ತೆಗೆಯುವುದು, ಐದು ಸಲ ಅತ್ತೆ ಲಿಂಗಕ್ಕೆ ತೋರಿಸುವಾಗ ನೆಲ ನೋಡುವುದು. ಭಾನುವಾರ ಡಾಕ್ಟರು ಬಂದು ನಾಡಿ ಹಿಡಿದು, "ಪರವಾಗಿಲ್ಲ, ದಾವಣಗೆರೆ ಬ್ಯಾಡ," ಅಂದಾಗ ನಾನು ಅಡುಗೆಮನೆಗೆ ಹೋಗಿ ಬಾಯಿಗೆ ಸೆರಗು ಒತ್ತಿಕೊಂಡು ಅತ್ತುಬಿಟ್ಟೆ. ಆವಾಗ ನೆನಪಾಯಿತು, ಎರಡು ದಿನದಿಂದ ಕಾಲ್ಗುಣದ ಯೋಚನೆಯೇ ಬಂದಿರಲಿಲ್ಲ. ಈ ಹೆಂಗಸು ಬದುಕಬೇಕು ಅನ್ನುವುದೊಂದೇ ಇತ್ತು. ಯಾವಾಗ ಬದಲಾಯಿತೋ ಗೊತ್ತಿಲ್ಲ.

ಆಕಳು ಮಾತ್ರ ನನ್ನ ಮಾನ ತೆಗೆಯಲು ನಿಂತಿತ್ತು. ಅಡುಗೆಮನೆಯಲ್ಲಿ ಪಾತ್ರೆ ಸದ್ದಾದರೆ ಸಾಕು, ಅಂಬಾ ಎಂದು ಶುರು ಮಾಡುವುದು. "ಏನೇ ಸರೋಜ, ಈ ಆಕಳು ಯಾಕೆ ಹಿಂಗೆ ಕೂಗ್ತೈತೆ? ಹುಲ್ಲು ಹಾಕೀಯೋ ಇಲ್ಲೋ?" ಎಂದು ಅತ್ತೆ ಮಲಗಿದಲ್ಲಿಂದಲೇ ಕೇಳುವರು. "ಮಳೆಗೆ ಚಳಿ ಅತ್ತೆ" ಅನ್ನುವೆ. ಸುಳ್ಳಿನ ಮೇಲೆ ಸುಳ್ಳು, ಆಕಳನ್ನೂ ಬಿಡಲಿಲ್ಲ ನಾನು.

ಮಂಗಳವಾರಕ್ಕೆ ಸಾಬರ ಹಣ್ಣು ಮುಗಿದವು. ಅವರ ಹತ್ತಿರವೂ ಇರಲಿಲ್ಲ. ಅಂಗಡಿಗೆ ಸಾಮಾನು ತರಲು ಬುಧವಾರ ದಾವಣಗೆರೆಗೆ ಹೊರಟಿದ್ದ ನಮ್ಮ ಮನೆಯವರಿಗೆ ಪಿಸುಗುಟ್ಟಿ ಹೇಳಿದೆ. ಅವರ ಮುಖ ಬಿಳುಚಿತು. "ಅವ್ವಗೆ ಗೊತ್ತಾದ್ರೆ ಇಬ್ಬರನ್ನೂ ಬೀದಿಗೆ ಹಾಕ್ತಾಳೆ" ಅಂದರು. ಆದರೂ ತಂದರು. ಹೇಗೆ ತಂದರು ಅಂತೀರಿ? ವೈರಿನ ಬಲೆ ಚೀಲದಲ್ಲಿ! ಕೆಂಪಗೆ ಎಂಟು ಸೇಬು ಹೊರಗೆ ಇಣುಕುತ್ತಿರುವ ಚೀಲವನ್ನು ತೊಡೆಯ ಮೇಲೆ ಇಟ್ಟುಕೊಂಡು ದಾವಣಗೆರೆಯಿಂದ ಚನ್ನಗಿರಿವರೆಗೆ ಕೂತು ಬಂದಿದ್ದರು ಮಹಾರಾಯರು. ಬಸ್ಸಿನಲ್ಲಿ ಗುರುತಿನವರೊಬ್ಬರು "ಯಾರಿಗೆ?" ಅಂದರಂತೆ. ಇವರಿಗೆ ಸುಳ್ಳು ಬಾರದು. "ಅವ್ವಗೆ" ಅಂದರಂತೆ.

"ಅಷ್ಟೇ ತಾನೆ ಅಂದಿದ್ದು?"

"ಹೂಂ. ಅವರು ಪಾಪ, ಕಣ್ಣಾಗೆ ನೀರು ತಂದ್ಕೊಂಡ್ರು."

ಚೀಲ ಕಸಿದುಕೊಂಡು ಅಕ್ಕಿ ಡಬ್ಬದ ಹಿಂದೆ ಬಚ್ಚಿಟ್ಟೆ.

ಗುರುವಾರ ಮಧ್ಯಾಹ್ನ ಮಳೆ ಬಿಟ್ಟು ಬಿಸಿಲು ಬಂತು. ಅತ್ತೆ ಮೊದಲ ಸಲ ಎದ್ದು ಕಂಬಕ್ಕೆ ಒರಗಿ ಕೂತಿದ್ದರು. ನಾನು ತಲೆ ಬಾಚಿ ಜಡೆ ಹಾಕುತ್ತಿದ್ದೆ. ಆಗ ಬೀದಿಯ ತುದಿಯಿಂದ ಅಳುವ ಸದ್ದು ಕೇಳಿತು. ಹೊನ್ನಾಳಿ ಅತ್ತೆ, ಅಂದರೆ ನಮ್ಮ ಮಾವನವರ ತಂಗಿ, ಮೂರು ಜನ ಹೆಂಗಸರನ್ನು ಕಟ್ಟಿಕೊಂಡು ಬರುತ್ತಿದ್ದರು. ಒಬ್ಬೊಬ್ಬರ ಕೈಯಲ್ಲೂ ಸೇಬಿನ ಪೊಟ್ಟಣ. "ಅಯ್ಯೋ ನಮ್ಮತ್ತಿಗೇ, ಇದೇನು ಬಂತೇ ನಿನಗೆ" ಎಂದು ಒಳಗೆ ಬಂದವರು, ಜಡೆ ಹಾಕಿಸಿಕೊಳ್ಳುತ್ತ ಕೂತಿದ್ದ ಅತ್ತಿಗೆಯನ್ನು ನೋಡಿಯೂ ಅಳು ನಿಲ್ಲಿಸಲಿಲ್ಲ. ಬಸ್ ಚಾರ್ಜು ಕೊಟ್ಟು ಬಂದಿದ್ದರಲ್ಲ.

ಅತ್ತೆಯ ಕಣ್ಣು ಪೊಟ್ಟಣದ ಮೇಲೆ ನಿಂತಿತು. "ಯಾರಿಗೆ ಅವು?"

"ನಿನಗೇ ಅತ್ತಿಗೆ! ನಿನ್ನ ಮಗ ಬಸ್ಸಿನಾಗೆ ಸೇಬು ತಗಂಡು ಬರ್ತಿದ್ನಂತೆ. ಡಾಕ್ಟ್ರು ಕೈಬಿಟ್ಟಾರಂತೆ. ಹೊನ್ನಾಳಿಗೆಲ್ಲ ಗೊತ್ತು, ನಮಗೊಂದು ಹೇಳಿ ಕಳಿಸ್ಬಾರದೇನು?" ಆಮೇಲೆ ನನ್ನ ಕಡೆ ತಿರುಗಿ, ದನಿ ಇಳಿಸಿದ ಹಾಗೆ ಮಾಡಿ, ಎಲ್ಲರಿಗೂ ಕೇಳುವಂತೆ ಅಂದರು: "ವೈಶಾಖದಾಗೆ ಬಂದ್ಲು. ಇನ್ನೂ ದೀಪಾವಳಿ ಆಗಿಲ್ಲ. ಕಾಲ್ಗುಣ ಅಂದ್ರೆ ಇದಪ್ಪ."

ನಾನು ಹೆದರಿ ಕಾದಿದ್ದ ಮಾತು ಅದೇ. ಬಂದೇಬಿಟ್ಟಿತು. ಆದರೆ ಅದು ನನಗೆ ನಾಟಲೇ ಇಲ್ಲ, ನಾನು ಅತ್ತೆಯ ಮುಖ ನೋಡುತ್ತಿದ್ದೆ. ಅದರ ರಕ್ತವೆಲ್ಲ ಇಳಿದುಹೋಯಿತು. ಕಂಬ ಬಿಟ್ಟು ಮೆಲ್ಲಗೆ ಮಲಗಿ, ಗೋಡೆಯ ಕಡೆ ತಿರುಗಿಕೊಂಡರು. "ಎಲ್ಲರಿಗೂ ಗೊತ್ತೈತೆ. ನನಗೊಂದು ಹೇಳ್ಲಿಲ್ಲ," ಅಂದರು. ಅಷ್ಟೇ.

ಮೂರು ಗಂಟೆಗೆ ಲೋಟ ಒಯ್ದೆ, ಬೇಡ ಎಂದು ಕೈ ಆಡಿಸಿದರು. ಐದು ಗಂಟೆಗೂ ಬೇಡ. ಮಾತ್ರೆಯೂ ಬೇಡ. ಮೈ ಮತ್ತೆ ಸುಡುತ್ತಿತ್ತು. ನಡುಮನೆಯಲ್ಲಿ ಹೊನ್ನಾಳಿಯವರು ಸಾಲಾಗಿ ಕೂತು, ತೀರಿಹೋದವರ ಗುಣಗಳನ್ನು ಹೇಳುವ ಹಾಗೆ ಅತ್ತೆಯ ಗುಣಗಳನ್ನು ಹೇಳುತ್ತಿದ್ದರು. ನಮ್ಮ ಮನೆಯವರು ಅಂಗಡಿ ಮುಚ್ಚಿ ಬಂದು ಬಾಗಿಲಲ್ಲಿ ನಿಂತು, "ಅವ್ವಾ, ಒಂದು ಗುಟುಕು" ಎಂದು ಬೇಡಿಕೊಂಡರು. ಅತ್ತೆ ತಿರುಗಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಮೂರನೇ ಸಲ ಬಿಸಿ ಮಾಡಿದ ಲೋಟ ಹಿಡಿದು ನಿಂತವಳಿಗೆ ಏನಾಯಿತೋ ಗೊತ್ತಿಲ್ಲ, ಬಾಯಿ ತೆರೆದುಬಿಟ್ಟೆ.

"ಸೇಬು ನೋಡಿ ಸಾಯಾಕೆ ಹೊಂಟೀರೇನ್ರಿ ಅತ್ತೆ? ಶುಕ್ರವಾರದಿಂದ ನೀವು ಕುಡೀತಿರೋದು ಸೇಬೇ! ದಿನಾ ಐದು ಸಲ! ಶುಂಠಿ ಕಷಾಯನೂ ಅಲ್ಲ, ಜಗಳೂರಿಂದೂ ಅಲ್ಲ. ನಿಮ್ಮ ಮಗ ತಂದಿದ್ದು ಅದಕ್ಕೇ. ಅದನ್ನ ಕುಡಿದೇ ನೀವು ಎದ್ದು ಕೂತಿದ್ದು, ಜಡೆ ಹಾಕಿಸ್ಕೊಂಡಿದ್ದು!"

ಅತ್ತೆ ತಿರುಗಿದರು. "ಸುಳ್ಳು. ನನ್ನ ಎಬ್ಬಿಸಾಕೆ ಹೇಳ್ತಿದೀಯ."

ಆ ಹೊತ್ತಿಗೆ ಸರಿಯಾಗಿ ಹಿತ್ತಲಲ್ಲಿ ಆಕಳು ಅಂಬಾ ಎಂದಿತು. "ಕೇಳ್ರಿ! ಆಕಳು ಯಾಕೆ ಕೂಗ್ತೈತೆ ಅಂತ ಕೇಳ್ತಿದ್ರಲ್ಲ? ಸೇಬಿನ ಚರಟಕ್ಕೆ! ಆರು ದಿನದಿಂದ ರುಚಿ ಹಿಡಿದೈತೆ ಅದಕ್ಕೆ!"

ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ಅವರ ಕೈ ಎದೆಯ ಮೇಲಿನ ಕರಡಿಗೆಗೆ ಹೋಯಿತು. "ಲಿಂಗಕ್ಕೂ ಅದನ್ನೇ ತೋರ್ಸಿದ್ನಾ ನಾನು?"

"ಹೂಂ," ಅಂದೆ. ಕಣ್ಣಲ್ಲಿ ನೀರು ಸುರಿಯುತ್ತಿತ್ತು. "ತಪ್ಪಾತು ಅತ್ತೆ."

ಅವರು ಕರಡಿಗೆಯನ್ನು ಬೆರಳಿನಿಂದ ಸವರಿದರು. ಆಮೇಲೆ, ನನಗಲ್ಲ, ತಮಗೇ ಹೇಳಿಕೊಂಡ ಹಾಗೆ ಅಂದರು: "ಹಂಗಾದ್ರೆ ಲಿಂಗಕ್ಕೆ ಗೊತ್ತಿತ್ತು. ನನಗೊಬ್ಬಳಿಗೇ ಗೊತ್ತಿರಲಿಲ್ಲ."

ಎಬ್ಬಿಸಿ ಕೂರಿಸು ಎಂದು ಕೈ ಚಾಚಿದರು. ಕರಡಿಗೆ ತೆಗೆದರು. ಲೋಟವನ್ನು ಲಿಂಗದ ಮುಂದೆ ಹಿಡಿದು, ಆ ಸಲ ಕಣ್ಣು ಮುಚ್ಚದೆ, ತೆರೆದೇ ಇಟ್ಟುಕೊಂಡು ತೋರಿಸಿದರು. ಪೂರ್ತಿ ಕುಡಿದರು. ಖಾಲಿ ಲೋಟ ಕೊಡುತ್ತ, "ನಮ್ಮ ನಾದಿನಿ ಅತ್ತೂ ಅತ್ತೂ ಗಂಟಲು ಒಣಗಿಸ್ಕೊಂಡಾಳೆ. ಅವಳಿಗೂ ಒಂದು ಲೋಟ ಕೊಡು," ಅಂದರು. ಹೊನ್ನಾಳಿ ಅತ್ತೆ ಎರಡು ಮಾರು ಹಿಂದೆ ಸರಿದು, "ನನಗೇನಾಗೈತೆ? ನಾನು ಆರಾಮಿದೀನಿ, ಬ್ಯಾಡಮ್ಮ," ಅಂದರು. ಆರೂವರೆ ಬಸ್ಸಿಗೇ ಹೊರಟರು, ಸೇಬು ಬಿಟ್ಟು.

ಅತ್ತೆ ಕಾರ್ತಿಕ ಮುಗಿಯುವ ಹೊತ್ತಿಗೆ ಅಂಗಡಿಗೆ ಹೋಗಿ ಕೂರುವಂತಾದರು. ನನ್ನನ್ನು ಒಂದು ಮಾತೂ ಬಯ್ಯಲಿಲ್ಲ. ಆದರೆ ಮರೆಯಲೂ ಇಲ್ಲ. ಜ್ವರ ಬಿಟ್ಟ ಮೇಲೆ ಮೊದಲ ಬೆಳಿಗ್ಗೆ ಕಾಫಿ ಕೊಟ್ಟರೆ ಲೋಟದೊಳಗೆ ನೋಡಿ, "ಏನೈತೆ ಇದರಾಗೆ?" ಅಂದರು. ಕಾಫಿಪುಡಿ, ಹಾಲು, ಬೆಲ್ಲ ಎಂದು ಹೇಳಿದ ಮೇಲೇ ಲಿಂಗಕ್ಕೆ ತೋರಿಸಿದ್ದು. ಮಧ್ಯಾಹ್ನ ಸಾರಿಗೂ ಅದೇ ಪ್ರಶ್ನೆ. ಆಮೇಲೆ ಹತ್ತು ವರ್ಷ ನಾನು ಏನು ಬಡಿಸಿದರೂ, ಬರೀ ಮಜ್ಜಿಗೆ ಕೊಟ್ಟರೂ, "ಏನೈತೆ ಇದರಾಗೆ?" ನಾನು ಉಪ್ಪು ಇಂಗು ಬಿಡದೆ ಹೇಳಬೇಕು. ಮೊದಮೊದಲು ಮುಳ್ಳು ಚುಚ್ಚಿದ ಹಾಗಾಗುತ್ತಿತ್ತು. ಒಮ್ಮೊಮ್ಮೆ ರೇಗಿ "ಮಣ್ಣು ಹಾಕೀನಿ" ಅಂದದ್ದೂ ಉಂಟು. ಆಗ ನಗುವರು. ಆದರೆ ಹೇಳುವವರೆಗೆ ಮುಟ್ಟುತ್ತಿರಲಿಲ್ಲ.

ಎಂಬತ್ತರ ದಶಕದ ಕೊನೆಯಲ್ಲಿ, ಅದೇ ಚಿತ್ತೆ ಮಳೆಯ ದಿನಗಳಲ್ಲಿ, ಅತ್ತೆ ಮಲಗಿದವರು ಏಳಲಿಲ್ಲ. ಒಂದು ಬೆಳಿಗ್ಗೆ ಸೇಬು ಕುದಿಸಿ, ಸೋಸಿ, ಬಿಸಿಬಿಸಿ ಲೋಟ ತಂದು ಹತ್ತಿರ ಕೂತೆ. ಎಡಗೈ ಎತ್ತಲು ಅವರಿಗೆ ಆಗುತ್ತಿರಲಿಲ್ಲ. ನಾನು ನನ್ನ ಕೈಯನ್ನು ಅವರ ಕೈಯ ಕೆಳಗೆ ಕೊಟ್ಟು ಎತ್ತಿ ಹಿಡಿದೆ, ಲಿಂಗದ ಮುಂದೆ ಲೋಟ ಹಿಡಿದೆ. ಆಮೇಲೆ ಕಾದೆ. ಅವರು ಬಾಯಿ ತೆರೆದರು. ಕೇಳುತ್ತಾರೆ ಎಂದುಕೊಂಡೆ. ಲೋಟಕ್ಕಾಗಿ ತೆರೆದಿದ್ದರು.

"ಕೇಳ್ರಿ ಅತ್ತೆ," ಅಂದೆ. "ಏನೈತೆ ಇದರಾಗೆ ಅಂತ ಕೇಳ್ರಿ."

ಕೇಳಲಿಲ್ಲ. ನಾನು ಕೊಟ್ಟದ್ದನ್ನು ಸುಮ್ಮನೆ ಕುಡಿದರು. ಒಂದೊಂದು ಗುಟುಕಿಗೂ ನಾನೇ ಹೇಳುತ್ತ ಹೋದೆ: ಸೇಬು ಅತ್ತೆ, ಚಕ್ಕೆ, ಒಂದು ಲವಂಗ, ಒಣಶುಂಠಿ, ಬೆಲ್ಲ. ಇನ್ನೇನೂ ಇಲ್ಲ ಅತ್ತೆ, ಇನ್ನೇನೂ ಇಲ್ಲ.